ಗ್ಯಾರೇಜಿನಲ್ಲಿ ಕೋಬ್ರಾ: ಕಿಟ್ ತರಿಸಿ ಮನೆಯಲ್ಲೇ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಜಾಹೀರಾತುಗಳನ್ನು ನೋಡುತ್ತಾ ಹೋದರೆ "ಅರ್ಧ ಮುಗಿದ ಕೋಬ್ರಾ ಕಿಟ್ ಮಾರಾಟಕ್ಕಿದೆ" ಅನ್ನುವುದು ಒಂದಾದರೂ ಕಣ್ಣಿಗೆ ಬೀಳುತ್ತದೆ. ಕೋಬ್ರಾ ಅಂದರೆ 1960ರ ದಶಕದ ಒಂದು ಸ್ಪೋರ್ಟ್ಸ್ ಕಾರು. ಕಿಟ್ ಅಂದರೆ ಅದರ ನಕಲನ್ನು ನಾವೇ ಜೋಡಿಸಲು ಬರುವ ಬಿಡಿಭಾಗಗಳು. ಫೋಟೋ ಹೆಚ್ಚುಕಡಿಮೆ ಒಂದೇ ಥರ. ಗ್ಯಾರೇಜಿನ ಮೂಲೆ, ಧೂಳು ಹಿಡಿದ ಫೈಬರ್ ಬಾಡಿ, ಅದರ ಮೇಲೆ ಕ್ರಿಸ್ಮಸ್ ದೀಪದ ಡಬ್ಬಗಳು. ಮಾರುವವರೇನು ಪಾನಾ ಹಿಡಿಯಲು ಬಾರದವರಲ್ಲ. ನಾನು ಹೋಗಿ ನೋಡಿದ ಮೂರು ಅರ್ಧಂಬರ್ಧ ಕಿಟ್‌ಗಳಿಗೂ ಒಂದೇ ಕಾಯಿಲೆ ಇತ್ತು. ಚೆಂದ ಕಾಣುವ ಕೆಲಸ ಮೊದಲು ಮಾಡಿ, ಬೇಜಾರಿನ ಕೆಲಸ ಹಿಂದಕ್ಕೆ ತಳ್ಳಿದ್ದರು. ಸೀಟಿಗೆ ಚರ್ಮ ಹೊದಿಸಿತ್ತು, ಡ್ಯಾಶ್‌ಬೋರ್ಡಿನಲ್ಲಿ ಮೀಟರುಗಳು ಫಳಫಳ ಹೊಳೆಯುತ್ತಿದ್ದವು, ಬ್ರೇಕ್ ಪೈಪು ಮಾತ್ರ ಇರಲಿಲ್ಲ.

ಆಮೇಲೆ ನಾನೂ ಒಂದು ಕಟ್ಟಿದೆ. ಕ್ಯಾಲಿಫೋರ್ನಿಯಾದ ನಮ್ಮ ಮನೆಯ ಎರಡು ಕಾರಿನ ಗ್ಯಾರೇಜು, ಶನಿವಾರ ಭಾನುವಾರದ ಕೆಲಸ, ಎರಡು ವರ್ಷ ಎರಡು ತಿಂಗಳು. ನಾನು ಮೆಕ್ಯಾನಿಕ್ ಅಲ್ಲ, ಸಾಫ್ಟ್‌ವೇರಿನವನು. ಊರಲ್ಲಿದ್ದಾಗ ಬೈಕಿನ ಪ್ಲಗ್ ಬಿಚ್ಚಿ ಒರೆಸಿದ್ದೇ ನನ್ನ ಅನುಭವ. ಆದ್ದರಿಂದ ಇಲ್ಲಿ ಬರೆದಿರುವುದು ಯಾರಿಗೂ ಕಷ್ಟ ಆಗಬಾರದು. ಯಾವ ನಟ್ಟು ಎಲ್ಲಿ ಅನ್ನುವುದನ್ನು ಕಿಟ್ ಜೊತೆ ಬರುವ ಪುಸ್ತಕ ಹೇಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಜನ ಕೈಚೆಲ್ಲುತ್ತಾರೆ ಅನ್ನುವುದನ್ನು ನಾನು ಹೇಳುತ್ತೇನೆ.

ಯಾವ ಕಾರಿನ ನಕಲು ಇದು

1962ರಲ್ಲಿ ಟೆಕ್ಸಸ್‌ನ ಕ್ಯಾರಲ್ ಶೆಲ್ಬಿ ಒಂದು ಕೆಲಸ ಮಾಡಿದರು. ಇಂಗ್ಲೆಂಡಿನ ಥೇಮ್ಸ್ ಡಿಟನ್‌ನಲ್ಲಿದ್ದ ಎಸಿ ಕಾರ್ಸ್ ಕಂಪನಿಯ ಏಸ್ ಎಂಬ ಹಗುರ ಕಾರು ತೆಗೆದುಕೊಂಡು, ಅದರೊಳಗೆ ಫೋರ್ಡ್‌ನ ವಿ8 ಎಂಜಿನ್ ಕೂರಿಸಿದರು. ಅದೇ ಕೋಬ್ರಾ. ಶೆಲ್ಬಿ ಅದಕ್ಕೆ ಮೂರು ವರ್ಷ ಮುಂಚೆ, 1959ರಲ್ಲಿ, ಆಸ್ಟನ್ ಮಾರ್ಟಿನ್ ಓಡಿಸಿ ಲ ಮಾನ್ಸ್ 24 ಗಂಟೆಯ ರೇಸ್ ಗೆದ್ದವರು. 1965ರ ಹೊತ್ತಿಗೆ ಕಾರಿನ ಮೈ ಅಗಲವಾಯಿತು, 427 ಕ್ಯೂಬಿಕ್ ಇಂಚಿನ, ಅಂದರೆ 7 ಲೀಟರಿನ ಎಂಜಿನ್ ಬಂತು. ಉಬ್ಬಿದ ಚಕ್ರದ ಕಮಾನು, ಪಕ್ಕದಲ್ಲಿ ಸೈಲೆನ್ಸರ್, ನಡುವೆ ಎರಡು ಬಿಳಿ ಪಟ್ಟೆ. ಜನರ ಕಣ್ಣಲ್ಲಿ ಕೋಬ್ರಾ ಅಂದರೆ ಇದೇ.

ಎಲ್ಲ ಸೇರಿ ಸುಮಾರು ಸಾವಿರ ಕಾರು ಮಾತ್ರ ತಯಾರಾದವು. ಮೊಟ್ಟಮೊದಲ ಕೋಬ್ರಾ 2016ರಲ್ಲಿ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಹೋಯಿತು. ಹೀಗಿರುವಾಗ ನಮ್ಮಂಥವರಿಗೆ ನಕಲೇ ಗತಿ. ನಾಚಿಕೆ ಪಡುವುದೇನೂ ಇಲ್ಲ. ಇವತ್ತು ರಸ್ತೆಯಲ್ಲಿ ಕಾಣುವ ಕೋಬ್ರಾಗಳು ಬಹುತೇಕ ನಕಲುಗಳೇ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ನಾಗರಹಾವಿನ ಹೆಸರಿಟ್ಟ ಕಾರಾ? ಶನಿವಾರ ಮಂಗಳವಾರ ಬಿಟ್ಟು ಶುರು ಮಾಡಪ್ಪಾ" ಅಂದರು. ಲಾರಿ ಬಂದದ್ದು ಮಂಗಳವಾರವೇ.

ಕಿಟ್ ಆರಿಸುವುದು, ದುಡ್ಡಿನ ಲೆಕ್ಕ

ನಾನು ತೆಗೆದುಕೊಂಡದ್ದು ಫ್ಯಾಕ್ಟರಿ ಫೈವ್ ರೇಸಿಂಗ್‌ನ ಎಂಕೆ4 ರೋಡ್‌ಸ್ಟರ್. ಕಂಪನಿ ಮ್ಯಾಸಚೂಸೆಟ್ಸ್ ರಾಜ್ಯದ ವೇರ್‌ಹ್ಯಾಮ್‌ನಲ್ಲಿದೆ, 1995ರಲ್ಲಿ ಶುರುವಾದದ್ದು. ಮನೆಯಲ್ಲಿ ಕಟ್ಟುವವರಿಗೆಂದೇ ಮಾಡಿದ ಕಿಟ್. ವೆಲ್ಡಿಂಗ್ ಬೇಕಿಲ್ಲ, ಚಾಸಿ, ಅಂದರೆ ಕಾರಿನ ಉಕ್ಕಿನ ಚೌಕಟ್ಟು, ಪೂರ್ತಿ ವೆಲ್ಡ್ ಆಗಿಯೇ ಬರುತ್ತದೆ. ಇನ್ನೊಂದು ದಾರಿ ಸೂಪರ್‌ಫಾರ್ಮೆನ್ಸ್ ಥರದ್ದು. ಅದು ದಕ್ಷಿಣ ಆಫ್ರಿಕಾದಲ್ಲಿ ಪೇಂಟ್ ಸಮೇತ ತಯಾರಾಗಿ ಬರುತ್ತದೆ, ಎಂಜಿನ್ ಗೇರ್‌ಬಾಕ್ಸ್ ಹಾಕಿಸಿದರೆ ಮುಗಿಯಿತು. ದುಡ್ಡು ಜಾಸ್ತಿ, ಕಟ್ಟುವ ಖುಷಿ ಕಡಿಮೆ.

ಫ್ಯಾಕ್ಟರಿ ಫೈವ್‌ನಲ್ಲೂ ಎರಡು ಬಗೆ. ಬೇಸ್ ಕಿಟ್ ಕೊಂಡರೆ ಹಳೇ ಫೋರ್ಡ್ ಮಸ್ಟಾಂಗ್ ಒಂದನ್ನು ಬಿಚ್ಚಿ ಅದರ ಬಿಡಿಭಾಗ ಬಳಸಬೇಕು. ಕೇಳುವುದಕ್ಕೆ ಅಗ್ಗ. ಆದರೆ ತುಕ್ಕು ಹಿಡಿದ ಹಳೇ ಭಾಗ ಬಿಚ್ಚಿ, ತೊಳೆದು, ಬಣ್ಣ ಹೊಡೆದು, ಕೊನೆಗೆ "ಇದು ಬೇಡ, ಹೊಸದೇ ತರೋಣ" ಅನ್ನುವ ಹೊತ್ತಿಗೆ ಉಳಿಸಿದ ದುಡ್ಡು ಹೋಗಿರುತ್ತದೆ. ಮೊದಲ ಸಲ ಕಟ್ಟುವವರು ಕಂಪ್ಲೀಟ್ ಕಿಟ್ ತೆಗೆದುಕೊಳ್ಳಿ.

ಹೆಸರು ಕಂಪ್ಲೀಟ್ ಅಂತಿದ್ದರೂ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಚಕ್ರ, ಟೈರು, ಪೇಂಟ್ ಅದರಲ್ಲಿ ಸೇರಿಲ್ಲ. ನನ್ನ ಲೆಕ್ಕದಲ್ಲಿ ಕಿಟ್‌ಗೆ ಕೊಟ್ಟ ದುಡ್ಡಿನ ಎರಡೂವರೆ ಪಟ್ಟು ಆದಾಗ ಕಾರು ರಸ್ತೆಗೆ ಇಳಿಯಿತು. ಅದರಲ್ಲಿ ಪೇಂಟ್‌ನದೇ ದೊಡ್ಡ ಪಾಲು. ಮನೆಯಲ್ಲಿ ಮೊದಲೇ ಈ ಲೆಕ್ಕ ಹೇಳಿಬಿಡಿ. ಕಿಟ್‌ನ ಬೆಲೆ ಮಾತ್ರ ಹೇಳಿ ಆಮೇಲೆ ಒಂದೊಂದೇ ಬಿಲ್ಲು ತೋರಿಸಿದರೆ ಏನಾಗುತ್ತದೆ ಅಂತ ನಾನು ಅನುಭವಿಸಿದ್ದೇನೆ.

ಜಾಗ ಮತ್ತು ಸಲಕರಣೆ

ಎರಡು ಕಾರಿನ ಗ್ಯಾರೇಜು ಪೂರ್ತಿ ಬೇಕು. ಚಾಸಿ ಒಂದು ಕಡೆ, ಬಾಡಿ ಇನ್ನೊಂದು ಕಡೆ. ಬಾಡಿ ಹೊರಗೆ ಹಿತ್ತಲಲ್ಲಿ ಇಡಬಹುದು. ಇಟ್ಟರೆ ಒಳ್ಳೆಯದೇ, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾಲ್ಕು ಗಟ್ಟಿ ಜಾಕ್ ಸ್ಟ್ಯಾಂಡ್, ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಒಂದು ಟಾರ್ಕ್ ರೆಂಚ್, ಒಳ್ಳೆ ಡ್ರಿಲ್, ಗಾಳಿಯಲ್ಲಿ ಕೆಲಸ ಮಾಡುವ ರಿವೆಟ್ ಗನ್ ಇಷ್ಟು ಮುಖ್ಯ. ಕೈಯಲ್ಲಿ ಒತ್ತುವ ರಿವೆಟ್ ಗನ್ ಸಾಕು ಅಂದುಕೊಳ್ಳಬೇಡಿ. ಸಾವಿರಕ್ಕೂ ಜಾಸ್ತಿ ರಿವೆಟ್ ಹೊಡೆಯಬೇಕು, ಎರಡನೇ ದಿನಕ್ಕೇ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಎಂಜಿನ್ ಎತ್ತುವ ಕ್ರೇನ್ ಬಾಡಿಗೆಗೆ ಸಿಗುತ್ತದೆ, ಕೊಳ್ಳಬೇಡಿ.

ಇನ್ನೊಂದು ಸಲಕರಣೆ ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ: ಕ್ಲೀಕೋ. ವಿಮಾನ ಕಟ್ಟುವವರು ಬಳಸುವ ಪುಟ್ಟ ಸ್ಪ್ರಿಂಗ್ ಗೂಟ ಇದು. ತಗಡನ್ನು ರಿವೆಟ್ ಹೊಡೆಯುವ ಮುಂಚೆ ತಾತ್ಕಾಲಿಕವಾಗಿ ಹಿಡಿದಿಡುತ್ತದೆ. ಅಳತೆಗೊಂದು ಬಣ್ಣ. ತಾಮ್ರದ ಬಣ್ಣದ್ದು 1/8 ಇಂಚಿನ ರಂಧ್ರಕ್ಕೆ, ಹಿತ್ತಾಳೆ ಬಣ್ಣದ್ದು 3/16ಕ್ಕೆ. ತಾಮ್ರದ್ದು ಐವತ್ತು, ಹಿತ್ತಾಳೆಯದು ಇಪ್ಪತ್ತು ಇಟ್ಟುಕೊಳ್ಳಿ. 1/8 ರಿವೆಟ್‌ಗೆ ರಂಧ್ರ ಕೊರೆಯಲು 30ನೇ ನಂಬರಿನ ಡ್ರಿಲ್ ಬಿಟ್ ಬೇಕು. ಒಂದಲ್ಲ, ಒಂದು ಡಜನ್.

ಕಣ್ಣಿಗೆ ಕನ್ನಡಕ, ಫೈಬರ್ ಉಜ್ಜುವಾಗ ಒಳ್ಳೆ ಮಾಸ್ಕ್. ಫೈಬರ್‌ಗ್ಲಾಸಿನ ಪುಡಿ ಮೈಗೆ ತಾಗಿದರೆ ನಸುಗುನ್ನಿ ಕಾಯಿ ಉಜ್ಜಿಕೊಂಡ ಹಾಗೆ ಕೆರೆತ. ಶ್ವಾಸಕೋಶಕ್ಕೆ ಹೋದರೆ ಬರೀ ಕೆರೆತದಲ್ಲಿ ಮುಗಿಯುವುದಿಲ್ಲ.

ಲಾರಿ ಬಂದ ದಿನ

ಕಿಟ್ ಬರುವಾಗ ದೂರದಿಂದ ನೋಡಿದರೆ ಕಾರೇ ಬಂದ ಹಾಗೆ ಕಾಣುತ್ತದೆ. ಚಾಸಿಯ ಮೇಲೆ ಬಾಡಿ ಕೂತಿರುತ್ತದೆ, ಚಕ್ರ ಮಾತ್ರ ಇಲ್ಲ. ಜೊತೆಗೆ ಇಪ್ಪತ್ತಕ್ಕೂ ಜಾಸ್ತಿ ಪೆಟ್ಟಿಗೆ. ಅಕ್ಕಪಕ್ಕದವರು ನಾಲ್ಕೈದು ಜನ ಇರಲಿ. ಅವರಿಗೆ ಊಟ ಹಾಕಿಸಿ, ಯಾಕೆಂದರೆ ಎರಡು ವರ್ಷದಲ್ಲಿ ಇನ್ನೂ ಮೂರ್ನಾಲ್ಕು ಸಲ ಅವರನ್ನೇ ಕರೆಯಬೇಕು.

ಮೊದಲ ಕೆಲಸ ಲೆಕ್ಕ. ಪ್ರತಿ ಪೆಟ್ಟಿಗೆಯೊಳಗೆ ಒಂದು ಪಟ್ಟಿ ಇರುತ್ತದೆ. ಪಟ್ಟಿ ಹಿಡಿದು ಒಂದೊಂದು ನಟ್ಟು ಬೋಲ್ಟನ್ನೂ ಎಣಿಸಿ. ಎರಡು ವಾರಾಂತ್ಯ ಇದಕ್ಕೇ ಹೋಗುತ್ತದೆ. ಬೇಜಾರು ಅನ್ನಿಸುತ್ತದೆ, ಮಾಡಲೇಬೇಕು. ಯಾವ ಕಿಟ್‌ನಲ್ಲೂ ಒಂದಷ್ಟು ಭಾಗ ತಡವಾಗಿ ಬರುತ್ತವೆ. ಏನು ಬಂದಿಲ್ಲ ಅಂತ ಮೊದಲ ತಿಂಗಳೇ ಹೇಳಿದರೆ ಸುಲಭವಾಗಿ ಕಳಿಸುತ್ತಾರೆ. ಒಂದು ವರ್ಷ ಆದಮೇಲೆ ಹೇಳಿದರೆ ಕಳೆದುಕೊಂಡದ್ದು ನೀವೇ. ಎಣಿಸಿದ ಮೇಲೆ ಪೆಟ್ಟಿಗೆಯ ಹೊರಗೆ ದೊಡ್ಡದಾಗಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ. ನಾನು "ಮುಂದಿನ ಕಾಲು", "ಹಿಂದಿನ ಕಾಲು", "ನರಗಳು" ಅಂತ ಬರೆದಿದ್ದೆ. ನರಗಳು ಅಂದರೆ ವೈರಿಂಗ್.

ಆಮೇಲೆ ಬಾಡಿ ಇಳಿಸಿ. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಬಿಚ್ಚಿ, ನಾಲ್ಕು ಜನ ನಾಲ್ಕು ಮೂಲೆ ಹಿಡಿದರೆ ಬಂದುಬಿಡುತ್ತದೆ. ಎತ್ತುವಾಗ ಬಾಗಿಲಿನ ಜಾಗದಲ್ಲಿ ಬಾಡಿ ತೀರಾ ತೆಳು. ಅಲ್ಲಿ ಬಾಗದಂತೆ ನೋಡಿಕೊಳ್ಳಿ. ಅದನ್ನು ಕೂರಿಸಲು ಮರದ ಪಟ್ಟಿಗಳಿಂದ ಚಕ್ರ ಇರುವ ಒಂದು ಚೌಕಟ್ಟು ಮೊದಲೇ ಮಾಡಿಟ್ಟಿರಬೇಕು. ನಾನು ಬಾಡಿ ಎತ್ತಿಸಿದ ಮೇಲೆ ಚೌಕಟ್ಟಿಗೆ ಮೊಳೆ ಹುಡುಕಲು ಹೋದೆ. ನಾಲ್ಕು ಜನ ಕಾರು ಹಿಡಿದುಕೊಂಡು ಬೈಯುತ್ತಾ ನಿಂತಿದ್ದರು.

ತಗಡಿನ ಕೆಲಸ

ಚಾಸಿಯ ಮೇಲೆ ಅಲ್ಯೂಮಿನಿಯಂ ತಗಡುಗಳನ್ನು ಸ್ಕ್ರೂ ಹಾಕಿ ಸುಮ್ನೆ ಸಿಕ್ಕಿಸಿರುತ್ತಾರೆ. ಬಿಚ್ಚುವ ಮುಂಚೆ ಪ್ರತಿಯೊಂದರ ಫೋಟೋ ತೆಗೆಯಿರಿ. ತಗಡಿನ ಹಿಂದೆ ಮಾರ್ಕರ್ ಹಿಡಿದು ಚಾಸಿಯ ಕೊಳವೆ ಎಲ್ಲೆಲ್ಲಿ ಹಾದುಹೋಗುತ್ತದೆ ಅಂತ ಅದರ ಎರಡೂ ಅಂಚಿಗೆ ಗೆರೆ ಎಳೆಯಿರಿ. ಆ ಎರಡು ಗೆರೆಯ ನಡುವೆ, ಎರಡೆರಡೂವರೆ ಇಂಚಿಗೊಂದರಂತೆ ಚುಕ್ಕೆ ಇಟ್ಟು ರಂಧ್ರ ಕೊರೆಯಿರಿ. ರಂಗೋಲಿಗೆ ಚುಕ್ಕೆ ಇಟ್ಟ ಹಾಗೆ. ಆಮೇಲೆ ತಗಡನ್ನು ಮತ್ತೆ ಚಾಸಿಗೆ ಹಿಡಿದು, ಕ್ಲೀಕೋ ಹಾಕುತ್ತಾ ಚಾಸಿಗೂ ಕೊರೆಯಿರಿ. ಕೊನೆಗೆ ಸಿಲಿಕೋನ್ ಹಚ್ಚಿ ರಿವೆಟ್.

ಎಲ್ಲ ತಗಡನ್ನೂ ಈಗಲೇ ರಿವೆಟ್ ಮಾಡಬೇಡಿ. ನಾನು ನೋಡಿದ ಅರ್ಧಂಬರ್ಧ ಕಾರುಗಳಲ್ಲಿ ಎರಡು ಇಲ್ಲೇ ನಿಂತಿದ್ದವು. ತಗಡು ಪೂರ್ತಿ ಮುಚ್ಚಿದ ಕಾರು ನೋಡಲು ಚೆಂದ, ಆದರೆ ಒಳಗೆ ಕೈ ಹೋಗುವುದಿಲ್ಲ. ಮುಂದಿನ ಸಸ್ಪೆನ್ಷನ್ ಹಿಂದೆ ಬರುವ ಎರಡು ತಗಡು ಮೊದಲೇ ಬೇಕು. ಡ್ರೈವರ್ ಕಾಲಿಡುವ ಡಬ್ಬದ ಪಕ್ಕದ ತಗಡು ಪೆಡಲ್ ಕೂರಿಸುವಾಗ ಹಾಕಿ. ಅದೇ ಡಬ್ಬದ ಮೇಲಿನ ಮುಚ್ಚಳವನ್ನು ಕಾರು ಓಡಿದ ಮೇಲೂ ರಿವೆಟ್ ಮಾಡಬೇಡಿ, ಸ್ಕ್ರೂ ಹಾಕಿಡಿ. ಬ್ರೇಕ್ ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರ್, ಪೆಡಲ್, ಬ್ರೇಕ್ ಸ್ವಿಚ್ ಎಲ್ಲದಕ್ಕೂ ಅದೊಂದೇ ಬಾಗಿಲು. ಡಿಕ್ಕಿಯ ತಗಡು ವೈರಿಂಗ್ ಮತ್ತು ಪೆಟ್ರೋಲ್ ಪೈಪು ಮುಗಿದ ಮೇಲೆ.

ನಾಲ್ಕು ಕಾಲು ಕೂರಿಸುವುದು

ಈ ಭಾಗ ನಿಜವಾಗಲೂ ಸುಲಭ. ಮುಂದೆ ಮೇಲಿನ ತೋಳು, ಕೆಳಗಿನ ತೋಳು, ನಡುವೆ ಚಕ್ರ ಕೂರುವ ಸ್ಪಿಂಡಲ್, ಕಾಯಿಲ್ ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್. ಹಿಂದೆ ಫೋರ್ಡ್‌ನ 8.8 ಇಂಚಿನ ಗಟ್ಟಿ ಆಕ್ಸಲ್, ಇಲ್ಲವೇ ಎರಡೂ ಚಕ್ರ ಬೇರೆ ಬೇರೆ ಕುಣಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್. ನಾನು ಗಟ್ಟಿ ಆಕ್ಸಲ್ ಹಾಕಿದೆ. ಅಗ್ಗ, ಸರಳ, ಮಸ್ಟಾಂಗ್‌ನಿಂದ ಎಲ್ಲೆಲ್ಲೂ ಸಿಗುತ್ತದೆ.

ಒಂದು ಅಭ್ಯಾಸ ಮಾಡಿಕೊಳ್ಳಿ. ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟಾಗ ಏನೂ ಗುರುತು ಹಾಕಬೇಡಿ. ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದ ಮೇಲೆ ಮಾತ್ರ ಹಳದಿ ಪೇಂಟ್ ಪೆನ್ನಿನಲ್ಲಿ ಬೋಲ್ಟಿನಿಂದ ಲೋಹಕ್ಕೆ ಸೇರುವಂತೆ ಗೆರೆ ಎಳೆಯಿರಿ. ಆರು ತಿಂಗಳಾದ ಮೇಲೆ "ಇದನ್ನು ಬಿಗಿ ಮಾಡಿದ್ದೆನಾ?" ಅನ್ನುವ ಪ್ರಶ್ನೆಗೆ ಆ ಗೆರೆಯೇ ಉತ್ತರ. ಮುಂದೆ ಗೆರೆ ಮುರಿದು ಕಂಡರೆ ಬೋಲ್ಟ್ ಸಡಿಲಾಗಿದೆ ಅಂತ ಅರ್ಥ. ಮತ್ತೆ, ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಪೂರ್ತಿ ಬಿಗಿ ಮಾಡಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿ ಮಾಡಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಬ್ರೇಕ್ ಮತ್ತು ಪೆಟ್ರೋಲ್ ಪೈಪು

ಇದೇ ಆ ಬೇಜಾರಿನ ಕೆಲಸ. 3/16 ಇಂಚಿನ ಕೊಳವೆಯನ್ನು ಚಾಸಿಯ ಉದ್ದಕ್ಕೂ ಬಗ್ಗಿಸಿ, ತುದಿಯನ್ನು ಡಬಲ್ ಫ್ಲೇರ್ ಮಾಡಿ ಕೂರಿಸಬೇಕು. ಡಬಲ್ ಫ್ಲೇರ್ ಅಂದರೆ ಕೊಳವೆಯ ಬಾಯಿಯನ್ನು ಒಳಕ್ಕೆ ಮಡಚಿ ಎರಡು ಪದರ ಮಾಡಿ ಅಗಲಿಸುವುದು. ಒಂದೇ ಪದರದ್ದು ಬ್ರೇಕಿನ ಒತ್ತಡಕ್ಕೆ ಸೀಳುತ್ತದೆ. ಉಕ್ಕಿನ ಕೊಳವೆ ಬದಲು ನಿಕ್ಕಲ್ ತಾಮ್ರದ್ದು ತನ್ನಿ. ಕೈಯಲ್ಲೇ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ.

ಫ್ಲೇರ್ ಮಾಡುವ ಮುಂಚೆ ನಟ್ಟನ್ನು ಕೊಳವೆಗೆ ತೂರಿಸಿ. ಓದುವಾಗ "ಇದು ಯಾರಿಗೆ ಗೊತ್ತಿಲ್ಲ" ಅನ್ನಿಸುತ್ತದೆ, ಅಲ್ವಾ? ನಾನು ಒಂದು ಮಧ್ಯಾಹ್ನ ಪೂರ್ತಿ ಕೂತು ಐದಡಿ ಉದ್ದದ ಕೊಳವೆಯನ್ನು ಏಳು ಕಡೆ ಬಗ್ಗಿಸಿ, ಎರಡೂ ತುದಿಗೆ ಅಪ್ಪಟ ಫ್ಲೇರ್ ಮಾಡಿ, ಹೆಂಡತಿಗೆ ತೋರಿಸಲು ಒಳಗೆ ತಂದೆ. ಅವಳು ಬೆಂಚಿನ ಮೇಲಿದ್ದ ಎರಡು ನಟ್ಟು ತೋರಿಸಿ "ಇವು ಎಲ್ಲಿ ಹೋಗುತ್ತವೆ?" ಅಂದಳು.

ಬ್ರೇಕ್ ಎಣ್ಣೆ ತುಂಬಿ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ. ಇಲ್ಲಿ ಡ್ರೈವರ್ ಎಡಗಡೆ, ಹಾಗಾಗಿ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಕೊನೆಗೆ ಮುಂದಿನ ಎಡ. ಬ್ರೇಕ್ ಎಣ್ಣೆ ಪೇಂಟ್ ತಿನ್ನುತ್ತದೆ, ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಪೆಟ್ರೋಲ್ ಪೈಪಿಗೆ ಮುಂಚೆ ಎಂಜಿನ್ ಯಾವುದು ಅಂತ ನಿರ್ಧಾರ ಆಗಿರಬೇಕು. ಕಾರ್ಬ್ಯುರೇಟರ್ ಆದರೆ 6 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡ ಸಾಕು. ಫ್ಯುಯೆಲ್ ಇಂಜೆಕ್ಷನ್‌ಗೆ 40 ಪಿಎಸ್‌ಐ ದಾಟುತ್ತದೆ. ಪಂಪು, ಪೈಪು, ಜೋಡಣೆ ಎಲ್ಲ ಬೇರೆ. ಕಡಿಮೆ ಒತ್ತಡದ ರಬ್ಬರ್ ಪೈಪನ್ನು ಇಂಜೆಕ್ಷನ್‌ಗೆ ಹಾಕಿದರೆ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ.

ನರಗಳು

ವೈರಿಂಗ್ ಅಂದರೆ ಎಲ್ಲರಿಗೂ ಭಯ. ಕಿಟ್‌ನಲ್ಲಿ ಬರುವ ವೈರಿನ ಮೇಲೆ ಪ್ರತಿ ಎಳೆಗೂ ಹೆಸರು ಅಚ್ಚಾಗಿರುತ್ತದೆ. "ಎಡ ಇಂಡಿಕೇಟರ್", "ಹಾರ್ನ್" ಅಂತ. ನೋಡಿಕೊಂಡು ಸೇರಿಸಿದರೆ ಆಯಿತು. ಭಯ ಪಡಬೇಕಾದ್ದು ಅರ್ಥಿಂಗ್‌ಗೆ ಮಾತ್ರ.

ಮಾಮೂಲಿ ಕಾರಿನ ಬಾಡಿ ಉಕ್ಕಿನದು, ಬಲ್ಬಿನ ಒಂದು ತುದಿಯನ್ನು ಎಲ್ಲಿ ಬೇಕಾದರೂ ಬಾಡಿಗೆ ಮುಟ್ಟಿಸಿದರೆ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಇದು ಫೈಬರ್. ಒಂದೊಂದು ದೀಪಕ್ಕೂ ಬೇರೆ ಅರ್ಥ್ ವೈರ್ ಎಳೆದು ಚಾಸಿಗೆ ಕಟ್ಟಬೇಕು. ಚಾಸಿಗೂ ಪೌಡರ್ ಕೋಟಿಂಗ್ ಇರುತ್ತದೆ, ಅದರ ಮೂಲಕ ಕರೆಂಟ್ ಹೋಗುವುದಿಲ್ಲ. ಬೋಲ್ಟ್ ಕೂರುವಷ್ಟು ಜಾಗ ಉಪ್ಪು ಕಾಗದದಲ್ಲಿ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿ. ಎಂಜಿನ್‌ನಿಂದ ಚಾಸಿಗೂ ಒಂದು ದಪ್ಪ ಪಟ್ಟಿ ಬೇಕು. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿನುಗುತ್ತಿದೆ, ಹಾರ್ನ್ ಹೊಡೆದರೆ ಪೆಟ್ರೋಲ್ ಮೀಟರ್ ಕುಣಿಯುತ್ತಿದೆ ಅಂದರೆ ಹತ್ತಕ್ಕೆ ಒಂಬತ್ತು ಸಲ ಅರ್ಥಿಂಗೇ ಕಾರಣ.

ಎಂಜಿನ್ ಇಳಿಸಿ ಸ್ಟಾರ್ಟ್ ಮಾಡುವುದು

ಫೋರ್ಡ್ ಕಂಪನಿಯದೇ ಹೊಸ ಕಾಲದ 5 ಲೀಟರ್ ಕಯೋಟಿ ಎಂಜಿನ್ ಹಾಕುವವರು ಈಗ ಜಾಸ್ತಿ. ಕಂಪ್ಯೂಟರ್ ಇರುತ್ತದೆ, ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್. ಅಗಲ ಮಾತ್ರ ಜಾಸ್ತಿ, ಇಕ್ಕಟ್ಟು. ನನಗೆ ಹಳೇ ಥರದ ಸದ್ದು ಬೇಕಿತ್ತು. ಹಾಗಾಗಿ 1990ರ ದಶಕದ ಮಸ್ಟಾಂಗ್‌ನ 302 ಕ್ಯೂಬಿಕ್ ಇಂಚಿನ ಎಂಜಿನ್ ಬಿಚ್ಚಿಸಿ ಹೊಸದು ಮಾಡಿಸಿ, ಮೇಲೆ ಕಾರ್ಬ್ಯುರೇಟರ್ ಹಾಕಿದೆ. ಗೇರ್‌ಬಾಕ್ಸ್ ಟ್ರೆಮೆಕ್ ಟಿ5.

ಎಂಜಿನ್ನಿಗೆ ಗೇರ್‌ಬಾಕ್ಸ್ ಮೊದಲೇ ಸೇರಿಸಿ, ಎರಡನ್ನೂ ಒಟ್ಟಿಗೆ ಓರೆಯಾಗಿ ಇಳಿಸಬೇಕು. ಒಬ್ಬರು ಕ್ರೇನ್, ಒಬ್ಬರು ಗೇರ್‌ಬಾಕ್ಸಿನ ಬಾಲ, ಒಬ್ಬರು ಬರೀ ನೋಡುವುದಕ್ಕೆ. ಈ ಮೂರನೆಯವರು ಮುಖ್ಯ. ಇಳಿಸಿದ ಮೇಲೆ ಗೇರ್‌ಬಾಕ್ಸಿನ ಓರೆಗೂ ಆಕ್ಸಲಿನ ಓರೆಗೂ ಹೊಂದಿಕೆ ಇದೆಯೇ ಅಂತ ಕೋನ ಅಳೆಯುವ ಮೀಟರಿನಲ್ಲಿ ನೋಡಿ. ಎರಡೂ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು, ಇಲ್ಲದಿದ್ದರೆ ಸ್ಪೀಡ್ ಹೋದಾಗ ಸೀಟು ನಡುಗುತ್ತದೆ.

ಹೊಸದು ಮಾಡಿಸಿದ ಎಂಜಿನ್ ಒಣಗಿರುತ್ತದೆ. ನೇರ ಸ್ಟಾರ್ಟ್ ಮಾಡಬಾರದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎತ್ತಿ, ಆ ರಂಧ್ರದಲ್ಲಿ ಆರು ಮೂಲೆಯ 1/4 ಇಂಚಿನ ಕಡ್ಡಿ ಇಳಿಸಿ, ಡ್ರಿಲ್ ಸಿಕ್ಕಿಸಿ ಆಯಿಲ್ ಪಂಪ್ ತಿರುಗಿಸಬೇಕು. ಡ್ರಿಲ್ ಹಿಮ್ಮುಖವಾಗಿ ತಿರುಗಲಿ, ಈ ಎಂಜಿನ್‌ನಲ್ಲಿ ಪಂಪ್ ಗಡಿಯಾರಕ್ಕೆ ವಿರುದ್ಧ ದಿಕ್ಕು. ಅರ್ಧ ನಿಮಿಷ ಸುಮ್ಮನೆ ತಿರುಗುತ್ತದೆ. ಆಮೇಲೆ ಡ್ರಿಲ್ ಇದ್ದಕ್ಕಿದ್ದಂತೆ ಭಾರವಾಗುತ್ತದೆ, ಕೈ ತಿರುಚುತ್ತದೆ. ಎಣ್ಣೆ ಹತ್ತಿತು ಅಂತ ಅರ್ಥ. ಮೀಟರಿನಲ್ಲೂ ಮುಳ್ಳು ಏಳುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿ, ಒಂದು ಶುಕ್ರವಾರ ಸಂಜೆ ಕೀ ತಿರುಗಿಸಿದೆ. ಎಂಜಿನ್ ಹಿಡಿಯುವಂತೆ ಮಾಡಿ, ಕಾರ್ಬ್ಯುರೇಟರಿನ ಬಾಯಲ್ಲಿ ಒಂದಡಿ ಬೆಂಕಿ ಉಗುಳಿತು. ಅಗ್ನಿಶಾಮಕದ ಸಿಲಿಂಡರ್ ಪಕ್ಕದಲ್ಲೇ ಇತ್ತು, ನಿಮಗೂ ಇರಲಿ. ಕಿಡಿ ಹಾರುವ ಟೈಮಿಂಗ್ ನೋಡಿದೆ, ಸರಿ. ಪೆಟ್ರೋಲ್ ಸರಿ. ಮತ್ತೆ ತಿರುಗಿಸಿದರೆ ಮತ್ತೆ ಢಮ್. ರಾತ್ರಿ ಹನ್ನೊಂದರವರೆಗೆ ಇದೇ. ಎದುರು ಮನೆಯ ಅಜ್ಜ, ಜೀವನವಿಡೀ ಲಾರಿ ರಿಪೇರಿ ಮಾಡಿದವರು, ಚಪ್ಪಲಿ ಮೆಟ್ಟಿಕೊಂಡು ಬಂದರು. ಎರಡು ನಿಮಿಷ ಕೇಳಿ, "ಕ್ಯಾಮ್ ಯಾವ ವರ್ಷದ್ದು?" ಅಂದರು.

ಕ್ಯಾಮ್ ಅಂದರೆ ಎಂಜಿನ್ನಿನೊಳಗೆ ವಾಲ್ವುಗಳನ್ನು ತೆರೆದು ಮುಚ್ಚುವ ದಂಡ. ಸಿಲಿಂಡರುಗಳು ಯಾವ ಕ್ರಮದಲ್ಲಿ ಉರಿಯಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಆಗಿದ್ದು ಇಷ್ಟು. ಹಳೇ ನೋಟ ಬೇಕು ಅಂತ ನಾನು ಹಳೇ ಕಾಲದ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ, ಪೆಟ್ರೋಲ್ ಹಂಚುವ ಭಾಗ) ಹಾಕಿದ್ದೆ. ಅದರ ಮೇಲೆಯೇ ಸಿಲಿಂಡರ್ ಉರಿಯುವ ಕ್ರಮ ಎರಕ ಹೊಯ್ದಿತ್ತು: 1-5-4-2-6-3-7-8. ಲೋಹದಲ್ಲೇ ಬರೆದಿದೆಯಲ್ಲ ಅಂತ ಹಾಗೆಯೇ ಪ್ಲಗ್ ವೈರ್ ಸಿಕ್ಕಿಸಿದ್ದೆ. ಆದರೆ ಒಳಗಿದ್ದದ್ದು ಮಸ್ಟಾಂಗ್‌ನ ಎಚ್‌ಒ ಎಂಜಿನ್ನಿನ ಕ್ಯಾಮ್. ಅದರ ಕ್ರಮ 1-3-7-2-6-5-4-8. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. 3 ಮತ್ತು 5 ಅದಲು ಬದಲು, 4 ಮತ್ತು 7 ಅದಲು ಬದಲು. ಉಳಿದ ನಾಲ್ಕು ಸರಿಯಾಗಿಯೇ ಇವೆ. ಅದಕ್ಕೇ ಎಂಜಿನ್ ಹಿಡಿದ ಹಾಗೆ ಮಾಡಿ ಕೆಮ್ಮುತ್ತಿತ್ತು. ನಾಲ್ಕು ವೈರ್ ಕಿತ್ತು ಬದಲಾಯಿಸಿದೆವು. ಕೀ ತಿರುಗಿಸಿದ ಅರ್ಧ ಸುತ್ತಿಗೇ ಎದ್ದು ಕೂತಿತು. ಆ ಹೊತ್ತಿನಲ್ಲಿ ಆ ಸದ್ದು ಕೇಳಿ ಬೀದಿಯ ಎರಡು ಮನೆಯಲ್ಲಿ ದೀಪ ಹತ್ತಿತು.

ಎಂಜಿನ್ ಮೇಲೆ ಏನು ಬರೆದಿದೆ ಅಂತ ನೋಡಬೇಡಿ. ಒಳಗಿನ ಕ್ಯಾಮ್ ಜೊತೆ ಬಂದ ಚೀಟಿ ನೋಡಿ.

ಬಾಡಿ ಇಲ್ಲದೆ ಓಡಿಸಿ

ಈಗ ಚಾಸಿ, ಎಂಜಿನ್, ಒಂದು ಸೀಟು, ಸ್ಟೀರಿಂಗ್ ಇದೆ, ಬಾಡಿ ಇಲ್ಲ. ಇಲ್ಲಿ ಎಲ್ಲರೂ ಇದಕ್ಕೆ ಗೋ ಕಾರ್ಟ್ ಅನ್ನುತ್ತಾರೆ. ಈ ಹಂತವನ್ನು ದಯವಿಟ್ಟು ತಪ್ಪಿಸಬೇಡಿ. ಬಾಡಿ ಹಾಕಿದ ಮೇಲೆ ಒಂದು ಪೈಪ್ ಸೋರಿದರೆ ತಲೆ ಕೆಳಗಾಗಿ ನೇತಾಡಬೇಕು. ಈಗಾದರೆ ನಿಂತುಕೊಂಡೇ ಸರಿ ಮಾಡಬಹುದು.

ನಮ್ಮ ಗೋ ಕಾರ್ಟ್ ಆಯುಧ ಪೂಜೆಯ ವಾರ ತಯಾರಾಯಿತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆವು. ಬೂದುಗುಂಬಳ ಸಿಗದೆ ಹ್ಯಾಲೋವೀನ್‌ಗೆ ಬಂದಿದ್ದ ಕಿತ್ತಳೆ ಕುಂಬಳವನ್ನೇ ಒಡೆದೆವು. ಡ್ರೈವ್‌ವೇಯಲ್ಲಿ ಮೂವತ್ತು ಅಡಿ ಮುಂದೆ, ಮೂವತ್ತು ಅಡಿ ಹಿಂದೆ. ನಂಬರ್ ಪ್ಲೇಟ್ ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಆ ಅರವತ್ತು ಅಡಿಯಲ್ಲೇ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ, ರೇಡಿಯೇಟರ್ ಫ್ಯಾನ್ ಉಲ್ಟಾ ತಿರುಗುತ್ತಿದೆ ಅಂತ ಗೊತ್ತಾಯಿತು.

ಬಾಡಿ, ಪೇಂಟ್

ಅಚ್ಚಿನಿಂದ ತೆಗೆದ ಬಾಡಿಯ ಮೇಲೆ ಅಚ್ಚಿನ ಭಾಗಗಳು ಕೂಡಿದ ಕಡೆ ಏರುಗೆರೆಗಳು ಇರುತ್ತವೆ. ಬರೀ ಮೇಲೆ ಉಜ್ಜಿ ಪೇಂಟ್ ಹೊಡೆದರೆ ಒಂದು ಬೇಸಿಗೆ ಕಳೆದ ಮೇಲೆ ಆ ಗೆರೆ ಪೇಂಟಿನ ಮೇಲೆ ಮತ್ತೆ ಮೂಡುತ್ತದೆ. ಗೆರೆಯನ್ನು ಅಗಲವಾಗಿ ಕೆತ್ತಿ, ಫೈಬರಿಗೆ ಹೊಂದುವ ರೆಸಿನ್ ಫಿಲ್ಲರ್ ತುಂಬಬೇಕು. ಮಾಮೂಲಿ ಪುಟ್ಟಿ ಹಾಕಬೇಡಿ. ಬಾಡಿಯನ್ನು ಹಿತ್ತಲಲ್ಲಿ ಬಿಸಿಲಿಗೆ ಇಡಿ ಅಂದದ್ದು ಇದಕ್ಕೇ. ಹಪ್ಪಳ ಒಣಗಿಸಿದ ಹಾಗೆ ತಿಂಗಳುಗಟ್ಟಲೆ ಕಾದರೆ ಫೈಬರ್ ಎಷ್ಟು ಕುಗ್ಗಬೇಕೋ ಅಷ್ಟು ಪೇಂಟಿಗೆ ಮುಂಚೆಯೇ ಕುಗ್ಗುತ್ತದೆ.

ಬಾಗಿಲಿನ ಸಂದು ಸುತ್ತ 3/16 ಇಂಚು ಒಂದೇ ಸಮ ಇರಬೇಕು. ಇದನ್ನು ಬಾಡಿ ಚಾಸಿಯ ಮೇಲೆ ಕೂತು, ಕಾರು ನಾಲ್ಕು ಚಕ್ರದ ಮೇಲೆ ನಿಂತಾಗಲೇ ನೋಡಬೇಕು. ಆಮೇಲೆ ಉಪ್ಪು ಕಾಗದ: 80, 150, 220, 320, 400. ಮರದ ಉದ್ದ ಹಲಗೆಗೆ ಅಂಟಿಸಿ ಉಜ್ಜಿ, ಬೆರಳಲ್ಲಿ ಒತ್ತಿ ಉಜ್ಜಿದರೆ ಹಳ್ಳ ಬೀಳುತ್ತದೆ. ಕಣ್ಣು ಮುಚ್ಚಿಕೊಂಡು ಅಂಗೈ ಸವರಿ ನೋಡಿ, ಕಣ್ಣಿಗೆ ಕಾಣದ ಉಬ್ಬುತಗ್ಗು ಅಂಗೈಗೆ ಗೊತ್ತಾಗುತ್ತದೆ. ಕೊನೆಯ ಪೇಂಟ್ ನಾನು ಹೊರಗೆ ಕೊಟ್ಟೆ. ಗಾಢ ನೀಲಿ, ನಡುವೆ ಎರಡು ಬಿಳಿ ಪಟ್ಟೆ. ಎಲ್ಲರದೂ ಅದೇ ಬಣ್ಣ, ಗೊತ್ತು. ನನಗೂ ಅದೇ ಬೇಕಿತ್ತು.

ನಂಬರ್ ಪ್ಲೇಟ್

ಮೊದಲ ದಿನದಿಂದ ಪ್ರತಿ ಬಿಲ್ಲು, ಕಿಟ್ ಜೊತೆ ಬರುವ ಮೂಲ ಪ್ರಮಾಣಪತ್ರ, ಎಂಜಿನ್ ಎಲ್ಲಿಂದ ಬಂತು ಅನ್ನುವ ಕಾಗದ ಒಂದು ಫೈಲಿನಲ್ಲಿ ಇಡಿ. ನಿಯಮ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 100 ಅನ್ನುವ ಕಾನೂನಿನಡಿ ವರ್ಷಕ್ಕೆ 500 ಇಂಥ ಕಾರುಗಳಿಗೆ ಹೊಗೆ ಪರೀಕ್ಷೆಯಲ್ಲಿ ರಿಯಾಯಿತಿ ಇದೆ. ಕಾರು ಯಾವ ಕಾಲದ್ದರಂತೆ ಕಾಣುತ್ತದೋ ಆ ಕಾಲದ ನಿಯಮ ಅನ್ವಯ. 1965ರ ಕೋಬ್ರಾಕ್ಕೆ ಹೊಗೆಯ ನಿಯಮ ಎಲ್ಲಿತ್ತು? ಜನವರಿಯಲ್ಲಿ ಮೊದಲು ಹೋದವರಿಗೆ ಮೊದಲು, ಆದ್ದರಿಂದ ಕಾಗದಪತ್ರ ಡಿಸೆಂಬರಿನಲ್ಲೇ ಸಿದ್ಧ ಇರಲಿ. ವಿಮೆ ಮಾಡಿಸುವಾಗ ಕಾರಿನ ಬೆಲೆ ಇಷ್ಟು ಅಂತ ಮೊದಲೇ ಒಪ್ಪಿಕೊಂಡು ಬರೆದುಕೊಡುವ ಪಾಲಿಸಿಯನ್ನೇ ಕೇಳಿ.

ಬ್ರಿಟನ್‌ನಲ್ಲಿರುವವರು ಐವಿಎ, ಅಂದರೆ ಒಂದೊಂದೇ ವಾಹನವನ್ನು ನೋಡಿ ರಸ್ತೆಗೆ ಒಪ್ಪಿಗೆ ಕೊಡುವ ಸರ್ಕಾರಿ ಪರೀಕ್ಷೆ, ಪಾಸಾಗಬೇಕು. ಹೊರಗೆ ಚಾಚಿದ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು ಅಂತ ಅಳೆದು ನೋಡುತ್ತಾರೆ.

ಊರಿಂದ ಕೇಳುವವರು ಬಹಳ: "ಬೆಂಗಳೂರಲ್ಲಿ ಕಟ್ಟಬಹುದಾ?" ಕಟ್ಟಬಹುದು, ಓಡಿಸಲು ಆಗುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಸಾಮಾನು ಹುಡುಕಿ ಕಾರು ಜೋಡಿಸುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಹೊಸ ಮಾದರಿ ನೋಂದಣಿ ಆಗಬೇಕಾದರೆ ಕೇಂದ್ರ ಮೋಟಾರು ವಾಹನ ನಿಯಮ 126ರಂತೆ ಪುಣೆಯ ಎಆರ್‌ಎಐ ಥರದ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಆಗಬೇಕು. ಒಂದೇ ಒಂದು ಕಾರು ಕಟ್ಟುವವರಿಗೆ ಅದು ಆಗದ ಮಾತು. ಹಳೇ ಕಾರಿನ ಆರ್‌ಸಿ ಇಟ್ಟುಕೊಂಡು ಮೈ ಬದಲಾಯಿಸೋಣ ಅಂದರೆ ವಾಹನದ ಮೂಲ ರೂಪ ಬದಲಾಯಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಖಾಸಗಿ ಜಾಗದಲ್ಲಿ, ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಾದರೆ ಬೇರೆ ಮಾತು.

ರಸ್ತೆಗೆ ಇಳಿದ ಮೇಲೆ

ಮೊದಲ 50 ಮೈಲಿಗೆ ಒಮ್ಮೆ, 500 ಮೈಲಿಗೆ ಒಮ್ಮೆ ಹಳದಿ ಗೆರೆಗಳನ್ನೆಲ್ಲ ನೋಡಿ. ಚಕ್ರದ ನಟ್ಟುಗಳನ್ನು ಮೊದಲ ವಾರ ದಿನಾ ನೋಡಿ. ವೀಲ್ ಅಲೈನ್‌ಮೆಂಟ್ ಮಾಡಿಸುವಾಗ ನಿಮ್ಮಷ್ಟೇ ತೂಕದ ಅಕ್ಕಿ ಮೂಟೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ. ಹಗುರ ಕಾರು, ಒಬ್ಬ ಮನುಷ್ಯ ಕೂತರೂ ಓರೆ ಬದಲಾಗುತ್ತದೆ.

ಇಳಿಯುವಾಗ ಜೋಪಾನ. ಸೈಲೆನ್ಸರ್ ಬಾಗಿಲಿನ ಕೆಳಗೇ ಇದೆ, ಕಾದ ಹೆಂಚಿನಂತೆ ಇರುತ್ತದೆ. ಕಾಲು ಅಗಲ ಹಾಕಿ ದಾಟಬೇಕು. ಇದರಿಂದ ಸುಟ್ಟ ಗಾಯಕ್ಕೆ ಇಲ್ಲಿನವರು "ಹಾವು ಕಚ್ಚಿತು" ಅನ್ನುತ್ತಾರೆ. ನನ್ನ ಎಡ ಮೀನಖಂಡದಲ್ಲಿ ಎರಡು ಗುರುತಿವೆ. ಅಮ್ಮ ಊರಿಂದ ಕಳಿಸಿದ ಬರ್ನಾಲ್ ಟ್ಯೂಬು ಈಗ ಸ್ಪೇರ್ ಪ್ಲಗ್‌ಗಳ ಜೊತೆ ಡಿಕ್ಕಿಯಲ್ಲೇ ಇರುತ್ತದೆ.